‘ಆರೋಪಿಸು’: ಹೊರಿಸುವವರು ಯಾರು?

(ಪತ್ರಿಕಾ ದಿನದಂದು ಮಂಗಳೂರಿನಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ವಾಕ್ಯ ಓದುತ್ತೇನೆ, ಕೇಳಿ. ‘ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹಣ ಕದ್ದ ಆರೋಪಿಯನ್ನು ಪೊಲೀಸರು ಬಂಧಿಸಿದ್ದಾರೆ.’

ಏನಾದರೂ ತಪ್ಪು ಕಂಡಿತಾ? ಹೆಚ್ಚಿನವರಿಗೆ ಕಾಣುವುದಿಲ್ಲ. ಇಂಥ ವಾಕ್ಯವನ್ನು ನಾವು ದಿನಾ ಬೆಳಿಗ್ಗೆ ಚಹಾದ ಜೊತೆ ಓದುತ್ತೇವೆ. ‘ಆರೋಪಿ’ ಅಂತ ಬರೆದಾಗಿದೆ, ‘ಕಳ್ಳ’ ಅಂತ ಬರೆದಿಲ್ಲ. ಹಾಗಾಗಿ ಸರಿಯೇ ಇದೆ ಅನ್ನಿಸುತ್ತದೆ. ಈ ವಾಕ್ಯ ಬರೆದವನು ನಾನೇ. ಸುಮಾರು 20 ವರ್ಷದ ಹಿಂದೆ, ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬರೆದದ್ದು. ಅದು ತಪ್ಪು ಅಂತ ನನಗೆ ತೋರಿಸಿಕೊಟ್ಟವರು ವ್ಯಾಕರಣ ಓದಿದವರಲ್ಲ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಒಬ್ಬರು ಹೆಂಗಸು.

ಸುದ್ದಿ ಬಂದು ನಾಲ್ಕೈದು ದಿನ ಆಗಿರಬೇಕು. ಮಧ್ಯಾಹ್ನ ಊಟ ಮುಗಿಸಿ ಬಂದರೆ ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಂಧನವಾದ ಹುಡುಗನ ಅಕ್ಕ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪೇಪರಿನ ತುಂಡು, ಅಂಚು ಸರಿಯಾಗಿ ಕತ್ತರಿಸಿದ್ದು. ಅವರು ಜಗಳಕ್ಕೆ ಬಂದದ್ದಲ್ಲ. ಕವರಿನಿಂದ ತುಂಡನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಎರಡು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

‘ಸಾರ್, ಇಲ್ಲಿ ಆರೋಪಿ ಅಂತ ಉಂಟು. ಅದರ ಹಿಂದೆಯೇ ಕದ್ದ ಅಂತಲೂ ಉಂಟು. ಇದರಲ್ಲಿ ಯಾವುದು ಸರಿ?’

ನಾನು ಏನೋ ಹೇಳಲು ಹೋದೆ. ಪೊಲೀಸರು ಕೊಟ್ಟದ್ದು, ಎಲ್ಲಾ ಪತ್ರಿಕೆಯಲ್ಲೂ ಹೀಗೇ ಬರೆಯುವುದು, ಅಂತ. ಅವರು ಮತ್ತೆ ಕೇಳಿದರು: ‘ಕದ್ದದ್ದು ಹೌದು ಅಂತಾದರೆ ಕಳ್ಳ ಅಂತಲೇ ಬರೆಯಬಹುದಿತ್ತಲ್ಲ? ಗೊತ್ತಿಲ್ಲ ಅಂತಾದರೆ ಕದ್ದ ಅಂತ ಯಾಕೆ ಬರೆದದ್ದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ನಾನು ಮಾತಾಡುತ್ತಿರುವುದೆಲ್ಲ ಆ ಎರಡು ಪ್ರಶ್ನೆಗಳಿಂದ ಹುಟ್ಟಿದ್ದು.

ಮೊದಲು ವ್ಯಾಕರಣ ನೋಡಿ ಬಿಡೋಣ. ‘ಹಾಡಿದ ಹುಡುಗಿ’ ಅಂದರೆ ಹಾಡಿದ್ದು ಯಾರು? ಹುಡುಗಿ. ‘ಬಿದ್ದ ಮರ’ ಅಂದರೆ ಬಿದ್ದದ್ದು ಮರ. ಅದೇ ಲೆಕ್ಕದಲ್ಲಿ ‘ಕದ್ದ ಆರೋಪಿ’ ಅಂದರೆ ಕದ್ದದ್ದು ಆರೋಪಿ. ಅಲ್ಲಿಗೆ ತೀರ್ಪು ಬಂದಾಯಿತು. ಮುಂದೆ ಬಂದ ‘ಆರೋಪಿ’ ಎಂಬ ಪದಕ್ಕೆ ಮಾಡಲು ಯಾವ ಕೆಲಸವೂ ಉಳಿಯಲಿಲ್ಲ. ಈಗ ಇದನ್ನೇ ‘ಕದ್ದ ಆರೋಪದ ಮೇಲೆ ಬಂಧಿಸಿದ್ದಾರೆ’ ಅಂತ ಮಾಡಿ. ‘ಕದ್ದ’ ಎಂಬ ಪದ ಈಗ ಅಂಟಿಕೊಂಡಿರುವುದು ಆರೋಪಕ್ಕೆ. ಮನುಷ್ಯ ಬೇರೆ, ಆರೋಪ ಬೇರೆ ಆಯಿತು. ಬದಲಾದದ್ದು ಒಂದೆರಡು ಅಕ್ಷರ ಮಾತ್ರ. ‘ಕೊಲೆ ಮಾಡಿದ ಆರೋಪಿ’, ‘ವಂಚಿಸಿದ ಆರೋಪಿ’, ‘ಹಲ್ಲೆ ನಡೆಸಿದ ಆರೋಪಿ’, ಇವತ್ತಿನ ಪೇಪರು ತೆಗೆದು ನೋಡಿ, ಒಂದಾದರೂ ಸಿಗುತ್ತದೆ.

ಈಗ ಪದದ ಬೇರಿಗೆ ಹೋಗೋಣ. ಸಂಸ್ಕೃತದಲ್ಲಿ ‘ರುಹ್’ ಅಂತ ಒಂದು ಧಾತು. ಹತ್ತುವುದು, ಬೆಳೆಯುವುದು ಅಂತ ಅರ್ಥ. ಸಂಗೀತ ಕಲಿತವರಿಗೆ ಆರೋಹಣ, ಅವರೋಹಣ ಗೊತ್ತು. ಸ್ವರ ಮೇಲೆ ಹತ್ತುವುದು, ಕೆಳಗೆ ಇಳಿಯುವುದು. ತಾನೇ ಹತ್ತಿದರೆ ಆರೋಹಣ. ಇನ್ನೊಂದನ್ನು ಹತ್ತಿಸಿದರೆ, ಮೇಲೆ ಏರಿಸಿದರೆ, ಇಟ್ಟರೆ ಆರೋಪಣ. ಗಿಡ ನೆಡುವುದಕ್ಕೆ ವೃಕ್ಷಾರೋಪಣ ಅನ್ನುತ್ತೇವಲ್ಲ, ಅದೂ ಇದೇ ಪದ. ವೇದಾಂತದ ಉಪನ್ಯಾಸ ಕೇಳಿದವರಿಗೆ ಹಗ್ಗ ಮತ್ತು ಹಾವಿನ ಮಾತು ನೆನಪಿರಬಹುದು. ಮಬ್ಬು ಬೆಳಕಿನಲ್ಲಿ ಹಗ್ಗದ ಮೇಲೆ ಹಾವನ್ನು ಆರೋಪಿಸುತ್ತೇವೆ. ಹಾವು ನಮ್ಮ ಕಣ್ಣಿನದ್ದು. ಹಗ್ಗ ಮೊದಲಿಂದಲೂ ಹಗ್ಗವೇ.

ಹಾಗಾದರೆ ಆರೋಪಿಸುವುದು ಅಂದರೆ ಒಬ್ಬರ ಮೇಲೆ ಏನನ್ನೋ ಇಡುವುದು. ನಮ್ಮ ಅಚ್ಚ ಕನ್ನಡವೂ ಇದನ್ನು ಬೇರೆ ದಾರಿಯಲ್ಲಿ ಹೋಗಿ ಹೀಗೇ ಹೇಳುತ್ತದೆ, ಅದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ. ತಪ್ಪು ‘ಹೊರಿಸು’ ಅನ್ನುತ್ತೇವೆ. ಹೊರೆ, ಹೊರು, ಹೊರಿಸು. ಹುಲ್ಲಿನ ಹೊರೆ ತಲೆಗೆ ಏರಿಸಿದ ಹಾಗೆ. ‘ಗೂಬೆ ಕೂರಿಸು’ ಅನ್ನುತ್ತೇವೆ. ‘ತಲೆಗೆ ಕಟ್ಟು’ ಅನ್ನುತ್ತೇವೆ. ‘ಮಸಿ ಬಳಿ’, ‘ಕೆಸರು ಎರಚು’. ಎಲ್ಲವೂ ಹೊರಗಿನಿಂದ ಬಂದು ಮೈಮೇಲೆ ಬೀಳುವಂಥದ್ದು. ಹೊರೆ ತಾನಾಗಿ ತಲೆಗೆ ಏರುವುದಿಲ್ಲ. ಯಾರೋ ಎತ್ತಿ ಕೊಡಲೇಬೇಕು. ಗೂಬೆ ತಾನೇ ಬಂದು ಕೂತರೆ ಅದು ಶಕುನ. ‘ಕೂರಿಸಿದರು’ ಅಂದ ಕೂಡಲೇ ಕೂರಿಸಿದ ಕೈ ಯಾರದ್ದು ಅಂತ ಕೇಳಬೇಕಾಗುತ್ತದೆ.

ಇದರ ಪಕ್ಕದಲ್ಲಿ ‘ಆರೋಪಿ’ ಎಂಬ ನಾಮಪದವನ್ನು ಇಟ್ಟು ನೋಡಿ. ರೋಗ ಇರುವವನು ರೋಗಿ. ಗುಣ ಇರುವವನು ಗುಣಿ. ಅಪರಾಧ ಇರುವವನು ಅಪರಾಧಿ. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಪದ ಆರೋಪಿ. ರೋಗಿ, ಅಪರಾಧಿಗಳ ಸಾಲಿನಲ್ಲೇ ನಿಲ್ಲಿಸಿ ಬಿಟ್ಟೆವು. ಆರೋಪ ಅವನೊಳಗೇ ಇರುವ ಕಾಯಿಲೆಯ ಹಾಗೆ ಕೇಳುತ್ತದೆ. ಜನರ ಕಿವಿಯಲ್ಲಿ ಆರೋಪಿ ಮತ್ತು ಅಪರಾಧಿ ಒಂದೇ ಆಗಿ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ‘ಆರೋಪಿತ’ ಅಂತ ಒಂದು ಪದ ಇದೆ, ‘ಆಪಾದಿತ’ ಅಂತಲೂ ಇದೆ. ಇವುಗಳಲ್ಲಿ ಹೊರಿಸಲ್ಪಟ್ಟವನು ಎಂಬ ಅರ್ಥ ಉಳಿದುಕೊಂಡಿದೆ. ಆದರೆ ಬಳಕೆಯಲ್ಲಿ ‘ಆರೋಪಿ’ ಗೆದ್ದಾಗಿದೆ, ಅದನ್ನು ಕಿತ್ತು ಹಾಕಿ ಅಂತ ನಾನು ಹೇಳುವುದಿಲ್ಲ. ಬಳಸುವಾಗ ಅದರ ಹಿಂದೆ ‘ಕದ್ದ’, ‘ಕೊಂದ’ ಸೇರಿಸಬೇಡಿ, ಅಷ್ಟೆ.

ಮತ್ತೆ ಕ್ರಿಯಾಪದಕ್ಕೆ ಬರೋಣ. ‘ಅವಳು ಚೆನ್ನಾಗಿ ಓದುತ್ತಾಳೆ ಎಂದು ಶಿಕ್ಷಕರು ಆರೋಪಿಸಿದರು’, ಹೀಗೆ ಹೇಳಲು ಬರುತ್ತದಾ? ಬರುವುದಿಲ್ಲ. ಕೆಟ್ಟದ್ದನ್ನು ಮಾತ್ರ ಆರೋಪಿಸಬಹುದು. ‘ಮಳೆ ಜಾಸ್ತಿ ಆಯಿತು ಎಂದು ಆರೋಪಿಸಿದರು’ ಅಂತಲೂ ಆಗುವುದಿಲ್ಲ. ಮಳೆಯನ್ನು ಹಿಡಿದು ನಿಲ್ಲಿಸಿ ಕೇಳಲು ಆಗುವುದಿಲ್ಲವಲ್ಲ. ಹೊಣೆ ಹೊರಬೇಕಾದ ಯಾರೋ ಒಬ್ಬರು ಬೇಕು. ಅಂದರೆ ಹೇಳುವವರು ಒಬ್ಬರು, ಹೊರುವವರು ಒಬ್ಬರು, ನಡುವೆ ಒಂದು ತಪ್ಪು. ಆ ತಪ್ಪು ಇನ್ನೂ ರುಜುವಾತಾಗಿಲ್ಲ. ಇಷ್ಟೂ ಸೇರಿದರೆ ಮಾತ್ರ ಈ ಕ್ರಿಯಾಪದಕ್ಕೆ ಜಾಗ ಉಂಟು.

ಇಲ್ಲಿ ‘ಅಂತೆ’ ನೆನಪಾಗುತ್ತದೆ. ‘ಅವಳಿಗೆ ಕೆಲಸ ಸಿಕ್ಕಿತಂತೆ.’ ನಾನು ಕಂಡಿಲ್ಲ, ಯಾರೋ ಹೇಳಿದ್ದು ಕೇಳಿದೆ, ಅಂತ ಒಂದೇ ಪ್ರತ್ಯಯದಲ್ಲಿ ಹೇಳಿ ಮುಗಿಸುತ್ತೇವೆ. ನಮ್ಮ ಕರಾವಳಿಯಲ್ಲಿ ಇದರ ಸಂಪತ್ತು ನೋಡಿ. ತುಳುವಿನಲ್ಲಿ ‘ಗೆ’: ‘ಆಯೆ ಬತ್ತೆಗೆ’, ಅವನು ಬಂದನಂತೆ. ಕುಂದಾಪುರದ ಕಡೆ ‘ಅಂಬ್ರ್’. ಹವ್ಯಕರ ಮನೆಯಲ್ಲಿ ‘ಬಂದನಡ’. ಕೊಂಕಣಿಯವರು ‘ಖಂಯ್’ ಅನ್ನುತ್ತಾರೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಇವೆಲ್ಲ ಕಿವಿಗೆ ಬೀಳುತ್ತವೆ. ಕಂಡ ಮಾತು ಯಾವುದು, ಕೇಳಿದ ಮಾತು ಯಾವುದು ಅಂತ ಬೇರೆ ಮಾಡಿ ಹೇಳುವ ಅಭ್ಯಾಸ ನಮ್ಮ ನಾಲಿಗೆಯಲ್ಲೇ ಇದೆ. ಶಾಲೆಗೆ ಹೋಗದ ಅಜ್ಜಿಯೂ ಈ ವಿಷಯದಲ್ಲಿ ತಪ್ಪುವುದಿಲ್ಲ.

ಆದರೆ ‘ಅಂತೆ’ಗೂ ‘ಆರೋಪಿಸು’ವಿಗೂ ಒಂದು ದೊಡ್ಡ ವ್ಯತ್ಯಾಸ. ‘ಅಂತೆ’ಯಲ್ಲಿ ಹೇಳಿದವರು ಯಾರು ಅಂತ ಇರುವುದಿಲ್ಲ. ಮಾತು ಗಾಳಿಯಲ್ಲಿ ಬಂದ ಹಾಗೆ ಬರುತ್ತದೆ. ಅದಕ್ಕೇ ‘ಅಂತೆ ಕಂತೆ’ ಅನ್ನುವುದು. ‘ಆರೋಪಿಸು’ವಿಗೆ ಕರ್ತೃ ಬೇಕು. ಯಾರೋ ಒಬ್ಬರು ಎದ್ದು ನಿಂತು, ‘ನಾನು ಹೇಳುತ್ತೇನೆ, ಇವರು ಈ ತಪ್ಪು ಮಾಡಿದ್ದಾರೆ’ ಅನ್ನಬೇಕು. ನಾಳೆ ಅದು ಸುಳ್ಳು ಅಂತಾದರೆ ಆ ಮಾತಿಗೆ ಹೊಣೆಯಾಗಿ ನಿಲ್ಲಬೇಕು.

ನಾವು ಪತ್ರಿಕೆಯವರು ಏನು ಮಾಡಿದೆವು? ‘ಆರೋಪಿಸಲಾಗಿದೆ’ ಅಂತ ಬರೆಯಲು ಶುರು ಮಾಡಿದೆವು. ಯಾರು ಆರೋಪಿಸಿದ್ದು? ಗೊತ್ತಿಲ್ಲ. ‘ಎನ್ನಲಾಗಿದೆ.’ ಯಾರು ಅಂದದ್ದು? ಅದೂ ಇಲ್ಲ. ಆರೋಪಿಸುವ ಪದವನ್ನು ಹಿಡಿದುಕೊಂಡು ಆರೋಪಿಸಿದವರನ್ನು ಮಾತ್ರ ಹೊರಗೆ ಕಳಿಸಿದ ಹಾಗಾಯಿತು. ಹೊರೆ ತಲೆಯ ಮೇಲೆ ಇದೆ, ಹೊರಿಸಿದ ಕೈ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಈ ಕ್ರಿಯಾಪದಕ್ಕೆ ನಾವು ಮಾಡಿದ ಅತಿ ದೊಡ್ಡ ಅನ್ಯಾಯ ಇದೇ. ವಿದ್ಯಾರ್ಥಿಗಳೇ, ನಿಮ್ಮ ವರದಿಯಲ್ಲಿ ‘ಆರೋಪಿಸಲಾಗಿದೆ’ ಅಂತ ಬಂದರೆ ಅಲ್ಲೇ ನಿಲ್ಲಿಸಿ, ಯಾರಿಂದ ಅಂತ ನಿಮ್ಮನ್ನೇ ಕೇಳಿ. ಉತ್ತರ ಇದ್ದರೆ ಬರೆಯಿರಿ. ಹೆಸರು ಹೇಳಬಾರದ ಸಂದರ್ಭ ಇರಬಹುದು. ಆಗಲೂ ‘ದೂರು ಕೊಟ್ಟ ಮಹಿಳೆ’, ‘ಅಂಗಡಿಯ ಮಾಲೀಕರು’, ‘ಮೃತರ ಸಂಬಂಧಿಕರು’ ಅಂತ ಬರೆಯಬಹುದಲ್ಲ. ಉತ್ತರ ಇಲ್ಲದಿದ್ದರೆ ಆ ವಾಕ್ಯವೇ ಬೇಡ.

ಮತ್ತೆ ನನ್ನ ವಾಕ್ಯಕ್ಕೆ ಬರುತ್ತೇನೆ. ಆ ಅಕ್ಕ ಹೋದ ಮೇಲೆ ನಾನು ಕಡತ ಹುಡುಕಿ ಪೊಲೀಸ್ ಪ್ರಕಟಣೆಯನ್ನು ಮತ್ತೆ ಓದಿದೆ. ಪೊಲೀಸ್ ಕನ್ನಡ ನಿಮಗೆ ಗೊತ್ತೇ ಇದೆ. ‘ಪಿರ್ಯಾದಿದಾರರು ನೀಡಿದ ದೂರಿನ ಸಾರಾಂಶವೇನೆಂದರೆ’ ಅಂತ ಶುರುವಾಗುತ್ತದೆ. ಮಧ್ಯೆ ಉದ್ದಕ್ಕೆ ಕತೆ. ಇಂಥ ದಿನ, ಇಷ್ಟು ಗಂಟೆಗೆ, ಇಂಥವನು ಇಷ್ಟು ಹಣ ಕಳವು ಮಾಡಿರುತ್ತಾನೆ. ಕೊನೆಯಲ್ಲಿ ಒಂದು ಪದ: ‘ಎಂಬಿತ್ಯಾದಿ’.

ಆ ‘ಎಂಬಿತ್ಯಾದಿ’ಯನ್ನು ನಾವು ಡೆಸ್ಕಿನಲ್ಲಿ ಯಾವಾಗಲೂ ಹೊಡೆದು ಹಾಕುತ್ತಿದ್ದೆವು. ಅದು ಕಚೇರಿ ಭಾಷೆ, ಹಳೇ ಕಾಲದ್ದು, ಓದುಗರಿಗೆ ಬೇಡ ಅಂತ. ಅವತ್ತು ಮೊದಲ ಸಲ ನನಗೆ ಗೊತ್ತಾಯಿತು. ಇಡೀ ಪ್ರಕಟಣೆಯಲ್ಲಿ ಪ್ರಾಮಾಣಿಕವಾದ ಪದ ಅದೊಂದೇ. ಹಿಂದೆ ಹೇಳಿದ್ದೆಲ್ಲ ದೂರು ಕೊಟ್ಟವರ ಮಾತು, ನಮ್ಮದಲ್ಲ, ಅಂತ ಹೇಳುತ್ತಿದ್ದದ್ದು ಅದು. ಅದನ್ನು ಕತ್ತರಿಸಿದ ಕೂಡಲೇ ‘ಕಳವು ಮಾಡಿರುತ್ತಾನೆ’ ಎಂಬುದು ಮಾತ್ರ ಉಳಿಯಿತು. ದೂರು ಹೋಗಿ ನಡೆದ ಸಂಗತಿ ಆಯಿತು.

ಇದು ಕನ್ನಡದ ಗುಣ. ಗಮನಿಸಿ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಅವನು ಹಣ ಕದ್ದಿದ್ದಾನೆ ಎಂದು ಮಾಲೀಕರು ಆರೋಪಿಸಿದ್ದಾರೆ.’ ಕೇಳುವವರ ಕಿವಿಗೆ ‘ಅವನು ಹಣ ಕದ್ದಿದ್ದಾನೆ’ ಮೊದಲು ಬೀಳುತ್ತದೆ. ಅನುಮಾನ ಬರುವುದು ಬಾಲದಲ್ಲಿ. ಫೋನಿನಲ್ಲಿ ಅರ್ಧ ಓದಿ ಬಿಟ್ಟವರಿಗೆ ಬಾಲ ಸಿಗುವುದೇ ಇಲ್ಲ. ತಲೆಬರಹ ಬರೆಯುವಾಗ ಜಾಗ ಸಾಲದಿದ್ದರೆ ನಾವು ಮೊದಲು ಕತ್ತರಿಸುವುದೂ ಬಾಲವನ್ನೇ. ಅದಕ್ಕೆ ನಾನು ಆಮೇಲೆ ಕರ್ತೃವನ್ನು ಮುಂದಕ್ಕೆ ತರಲು ಶುರು ಮಾಡಿದೆ. ‘ಅಂಗಡಿ ಮಾಲೀಕರ ದೂರಿನ ಪ್ರಕಾರ’ ಅಂತ ಮೊದಲೇ ಹೇಳಿಬಿಡುವುದು. ಆಗ ವಾಕ್ಯ ಎಲ್ಲಿ ತುಂಡಾದರೂ ದೂರು ದೂರಾಗಿಯೇ ಉಳಿಯುತ್ತದೆ. ಓದಲು ಸ್ವಲ್ಪ ನಿಧಾನ ಆಗುತ್ತದೆ, ಆಗಲಿ.

ಬಾಲ ಕಳೆದುಕೊಂಡ ಮಾತಿನ ಕತೆ ಹೊಸದಲ್ಲ. ಉಡುಪಿಯಿಂದ ಬಂದವರು ಇಲ್ಲಿ ತುಂಬಾ ಜನ ಇದ್ದೀರಿ, ಹಾಗಾಗಿ ಕೃಷ್ಣನ ಕತೆಯನ್ನೇ ಹೇಳುತ್ತೇನೆ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಅಂತ ನಮ್ಮ ಮನೆಗಳಲ್ಲಿ ಇವತ್ತಿಗೂ ಮಕ್ಕಳನ್ನು ಸಂಜೆ ಒಳಗೆ ಕರೆಯುತ್ತಾರೆ. ಅದರ ಹಿಂದೆ ಇರುವುದು ಶ್ಯಮಂತಕ ಮಣಿಯ ಕತೆ. ಯಕ್ಷಗಾನದ ‘ಜಾಂಬವತಿ ಕಲ್ಯಾಣ’ ಪ್ರಸಂಗದಲ್ಲಿ ನೋಡಿರುತ್ತೀರಿ. ಸತ್ರಾಜಿತನ ಹತ್ತಿರ ಸೂರ್ಯ ಕೊಟ್ಟ ಮಣಿ. ರಾಜನಿಗೆ ಕೊಡು ಅಂತ ಕೃಷ್ಣ ಹಿಂದೊಮ್ಮೆ ಕೇಳಿದ್ದ, ಅವನು ಕೊಟ್ಟಿರಲಿಲ್ಲ. ಒಂದು ದಿನ ತಮ್ಮ ಪ್ರಸೇನ ಅದನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದ. ವಾಪಸ್ ಬರಲಿಲ್ಲ. ಸಿಂಹ ಅವನನ್ನು ಕೊಂದಿತ್ತು, ಸಿಂಹವನ್ನು ಕೊಂದು ಜಾಂಬವಂತ ಮಣಿಯನ್ನು ಗುಹೆಗೆ ಒಯ್ದಿದ್ದ. ಊರಿನಲ್ಲಿ ಇದು ಯಾರಿಗೂ ಗೊತ್ತಿಲ್ಲ.

ಆಗ ಸತ್ರಾಜಿತ ಏನು ಹೇಳಿದ? ಭಾಗವತದ ಹತ್ತನೇ ಸ್ಕಂಧದಲ್ಲಿ ಆ ಶ್ಲೋಕ ‘ಪ್ರಾಯಃ’ ಅಂತ ಶುರುವಾಗುತ್ತದೆ. ನಾವು ‘ಪ್ರಾಯಶಃ’ ಅನ್ನುತ್ತೇವಲ್ಲ, ಅದೇ. ‘ಪ್ರಾಯಶಃ ಕೃಷ್ಣನೇ ನನ್ನ ತಮ್ಮನನ್ನು ಕೊಂದಿರಬೇಕು’ ಅಂದ. ಅದನ್ನು ಕೇಳಿದ ಜನ ಕಿವಿಯಿಂದ ಕಿವಿಗೆ ಪಿಸುಗುಟ್ಟಿದರು. ಕಿವಿಯಿಂದ ಕಿವಿಗೆ ಹೋಗುವಾಗ ಮೊದಲು ಬಿದ್ದು ಹೋಗುವ ಪದ ಯಾವುದು? ‘ಪ್ರಾಯಶಃ’. ಎರಡನೇ ಕಿವಿಗೆ ಮುಟ್ಟುವಾಗ ಕೃಷ್ಣ ಕೊಂದಾಗಿತ್ತು, ಮಣಿ ಕದ್ದಾಗಿತ್ತು.

ಕೃಷ್ಣ ಆಮೇಲೆ ಮಾಡಿದ್ದನ್ನೂ ನೋಡಿ. ‘ನಾನು ಮಾಡಿಲ್ಲ’ ಅಂತ ಹೇಳಿ ಮನೆಯಲ್ಲಿ ಕೂರಲಿಲ್ಲ. ಊರಿನ ಜನರನ್ನೇ ಕರೆದುಕೊಂಡು ಕಾಡಿಗೆ ಹೋದ. ಪ್ರಸೇನನ ಹೆಣ ಅವರಿಗೆ ತೋರಿಸಿದ. ಸತ್ತ ಸಿಂಹವನ್ನು ತೋರಿಸಿದ. ಗುಹೆಯ ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಒಳಗೆ ಹೋಗಿ ಜಾಂಬವಂತನ ಜೊತೆ 28 ದಿನ ಹೋರಾಡಿದ. ಮಣಿ ಸಿಕ್ಕಿದ ಮೇಲೆ ಸುಮ್ನೆ ಸತ್ರಾಜಿತನ ಮನೆಗೆ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅವನನ್ನು ಸಭೆಗೆ ಕರೆಸಿ, ರಾಜನ ಎದುರಿಗೆ, ಮಣಿ ಹೇಗೆ ಸಿಕ್ಕಿತು ಅಂತ ಎಲ್ಲರಿಗೂ ಹೇಳಿ, ಕೈಗೆ ಕೊಟ್ಟ. ಅಪವಾದ ಪಿಸುಮಾತಿನಲ್ಲಿ ಬಂದಿತ್ತು. ಅದು ಇಳಿದದ್ದು ತುಂಬಿದ ಸಭೆಯಲ್ಲಿ. ದೇವರಾದ ಕೃಷ್ಣನಿಗೇ ಇಷ್ಟು ಕಷ್ಟಪಡಬೇಕಾಯಿತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಸಭೆ ಕರೆಯುವವರು ಯಾರು?

‘ಅಪವಾದ’ದ ಬಗ್ಗೆ ಒಂದು ಸಣ್ಣ ಮಾತು, ವಿಷಯದಿಂದ ಸ್ವಲ್ಪ ಆಚೆ. ಆಗ ಹೇಳಿದ ಹಗ್ಗ ಹಾವಿನ ಉದಾಹರಣೆಯಲ್ಲಿ, ಹಗ್ಗದ ಮೇಲಿಂದ ಹಾವನ್ನು ತೆಗೆದುಹಾಕುವುದಕ್ಕೆ ವೇದಾಂತಿಗಳು ‘ಅಪವಾದ’ ಅನ್ನುತ್ತಾರೆ. ಅವರಲ್ಲಿ ಅಪವಾದ ಅಂದರೆ ಆರೋಪವನ್ನು ಇಳಿಸುವುದು. ನಮ್ಮ ಮನೆಯ ಕನ್ನಡದಲ್ಲಿ ಅಪವಾದ ಅಂದರೆ ಆರೋಪವೇ. ಇಳಿಸುವ ಪದವೂ ಹೊರಿಸುವ ಕಡೆಗೇ ಹೋಗಿ ಸೇರಿಬಿಟ್ಟಿತು. ನನಗೆ ಇದು ಯಾಕೋ ಬೇಸರ ತರುತ್ತದೆ.

ಈಗ ಇನ್ನೊಂದು ಬದಿ ನೋಡಬೇಕು. ಇಷ್ಟು ಹೊತ್ತು ಹೇಳಿದ್ದನ್ನು ಕೇಳಿ, ಹಾಗಾದರೆ ಎಲ್ಲದಕ್ಕೂ ‘ಆರೋಪಿಸಿದ್ದಾರೆ’ ಅಂತ ಹಾಕಿಬಿಟ್ಟರೆ ನಾವು ಸೇಫ್ ಅಂತ ಯಾರಾದರೂ ಅಂದುಕೊಂಡರೆ, ಅದೂ ಸರಿಯಲ್ಲ.

ನಮ್ಮ ಮಳೆಗಾಲದ ಒಂದು ಸುದ್ದಿ. ‘ರಸ್ತೆಯಲ್ಲಿ ದೊಡ್ಡ ಹೊಂಡ ಬಿದ್ದಿದೆ ಎಂದು ಸ್ಥಳೀಯರು ಆರೋಪಿಸಿದ್ದಾರೆ.’ ಹುಡುಗನೊಬ್ಬ ಹೀಗೆ ಬರೆದು ತಂದ. ನಾನು ಕೇಳಿದೆ, ನೀನು ಹೋಗಿದ್ದೆಯಾ? ಹೋಗಿದ್ದೆ ಸಾರ್. ಹೊಂಡ ಕಂಡೆಯಾ? ಕಂಡೆ. ಎಷ್ಟು ಆಳ? ಗೊತ್ತಿಲ್ಲ. ಮತ್ತೆ ಕಳಿಸಿದೆ. ನೀರು ತುಂಬಿದ ಹೊಂಡದಲ್ಲಿ ಮಡಚಿದ ಕೊಡೆ ಇಳಿಸಿ ನೋಡಿ ಬಂದ. ಅರ್ಧ ಕೊಡೆ ಒದ್ದೆಯಾಗಿತ್ತು. ಕಣ್ಣಿಗೆ ಕಾಣುವ ಹೊಂಡವನ್ನು ಯಾರೂ ಆರೋಪಿಸಬೇಕಾಗಿಲ್ಲ. ಹೊಂಡ ಇದೆ, ಇಷ್ಟು ಆಳ ಇದೆ ಅಂತ ನಾವೇ ಬರೆಯಬಹುದು, ಬರೆಯಲೇಬೇಕು. ‘ಕಳಪೆ ಕಾಮಗಾರಿಯಿಂದ ಹೀಗಾಯಿತು’ ಅಂತ ಊರಿನವರು ಹೇಳಿದರೆ, ಅದು ಆರೋಪ. ಅಲ್ಲಿ ಗುತ್ತಿಗೆದಾರರ ಮೇಲೆ ಹೊರೆ ಬೀಳುತ್ತದೆ. ಒಂದೇ ಸುದ್ದಿಯಲ್ಲಿ ಕಂಡದ್ದು ಒಂದು, ಹೊರಿಸಿದ್ದು ಒಂದು. ಎರಡನ್ನೂ ‘ಆರೋಪಿಸಿದ್ದಾರೆ’ ಎಂಬ ಒಂದೇ ಗೋಣಿಗೆ ತುಂಬಿದರೆ ಹೊಂಡವೂ ಅನುಮಾನ ಆಗುತ್ತದೆ. ಕಾಲು ಮುರಿದುಕೊಂಡವನ ನೋವೂ ಅನುಮಾನ ಆಗುತ್ತದೆ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಯಾರು ‘ತಿಳಿಸುತ್ತಾರೆ’, ಯಾರು ‘ಆರೋಪಿಸುತ್ತಾರೆ’ ಅಂತ ಲೆಕ್ಕ ಹಾಕಿ ನೋಡಿ. ಅಧಿಕಾರಿಗಳು ತಿಳಿಸುತ್ತಾರೆ. ಪೊಲೀಸರು ತಿಳಿಸುತ್ತಾರೆ. ಕಂಪನಿಯವರು ಸ್ಪಷ್ಟಪಡಿಸುತ್ತಾರೆ. ಕೂಲಿಯವರು ಆರೋಪಿಸುತ್ತಾರೆ. ಮೀನು ಮಾರುವ ಹೆಂಗಸರು ಆರೋಪಿಸುತ್ತಾರೆ. ಜಾಗ ಕಳೆದುಕೊಂಡವರು ಆರೋಪಿಸುತ್ತಾರೆ. ಎರಡೂ ಕಡೆಯವರ ಮಾತು ಇನ್ನೂ ರುಜುವಾತಾಗಿಲ್ಲ. ಆದರೂ ಒಬ್ಬರ ಮಾತಿಗೆ ಗಟ್ಟಿ ಕ್ರಿಯಾಪದ, ಇನ್ನೊಬ್ಬರ ಮಾತಿಗೆ ಅನುಮಾನದ ಕ್ರಿಯಾಪದ. ನಾವು ಬೇಕೆಂದೇ ಮಾಡುವುದಲ್ಲ, ಕೈ ತಾನಾಗಿ ಹಾಗೆ ಬರೆಯುತ್ತದೆ. ಆದ್ದರಿಂದಲೇ ಕೈಯನ್ನು ತಡೆದು ನೋಡಬೇಕು.

ಒಬ್ಬ ಹೆಂಗಸು ತನ್ನ ಮೇಲೆ ನಡೆದ ದೌರ್ಜನ್ಯ ಹೇಳಿಕೊಂಡಾಗ, ಸಾಲು ಸಾಲಿಗೂ ‘ಎಂದು ಆರೋಪಿಸಿದ್ದಾರೆ’ ಅಂತ ಬರೆದರೆ ಓದುವವರಿಗೆ ಏನು ಕೇಳಿಸುತ್ತದೆ? ‘ಇವಳು ಹೇಳುತ್ತಾಳೆ, ನಮಗೆ ನಂಬಿಕೆ ಇಲ್ಲ’ ಅಂತ. ಆರೋಪ ಅಂದರೆ ಸುಳ್ಳು ಅಂತ ಅರ್ಥ ಅಲ್ಲವೇ ಅಲ್ಲ. ಹೌದು ಅಂತಲೂ ಅಲ್ಲ. ಎರಡೂ ಬಾಗಿಲು ತೆರೆದಿಟ್ಟ ಪದ ಅದು. ಆದರೆ ಪದೇ ಪದೇ ಹೇಳಿದರೆ ಒಂದು ಬಾಗಿಲು ಮುಚ್ಚುತ್ತಾ ಬರುತ್ತದೆ. ಅಲ್ಲಿ ‘ದೂರಿನಲ್ಲಿ ಹೇಳಿದ್ದಾರೆ’ ಅಂತ ಒಮ್ಮೆ ಸ್ಪಷ್ಟವಾಗಿ ಬರೆದರೆ ಸಾಕು. ‘ಹೇಳಿದರು’ ಎಂಬ ಪದದಷ್ಟು ನ್ಯಾಯವಾದ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಅದಕ್ಕೆ ಬಣ್ಣ ಇಲ್ಲ, ಭಾರ ಇಲ್ಲ. ಹೊಸಬರಿಗೆ ಅದು ಸಪ್ಪೆ ಅನ್ನಿಸುತ್ತದೆ. ಸಪ್ಪೆ ಇರಲಿ.

ಕಾನೂನಿನ ಮಾತು ಸ್ವಲ್ಪ ಹೇಳಬೇಕು. ಇವತ್ತು ಜುಲೈ 1. 1843ರಲ್ಲಿ ಇದೇ ದಿನ ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ. 2024ರಲ್ಲಿ ಇದೇ ಜುಲೈ 1ಕ್ಕೆ, 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಮಾನನಷ್ಟಕ್ಕೆ ಹಿಂದೆ ಸೆಕ್ಷನ್ 499, 500 ಅನ್ನುತ್ತಿದ್ದೆವು, ಈಗ ಅದು ಸೆಕ್ಷನ್ 356. ಅಂಕೆ ಬದಲಾಗಿದೆ, ತಿರುಳು ಬದಲಾಗಿಲ್ಲ. ‘ನಾನು ಹೇಳಿದ್ದಲ್ಲ, ಅವರು ಆರೋಪಿಸಿದ್ದನ್ನು ಹಾಕಿದೆ’ ಅಂದರೆ ಅಷ್ಟಕ್ಕೇ ಬಚಾವಾಗಲು ಆಗುವುದಿಲ್ಲ. ಹೊರೆ ದಾಟಿಸಿದವನ ಕೈಯೂ ಹೊರಿಸಿದ ಕೈಯೇ. ವಾಟ್ಸ್‌ಆ್ಯಪ್‌ನಲ್ಲಿ ಯಾರದ್ದೋ ಫೋಟೊ ಹಾಕಿ ‘ಇವನು ಮಕ್ಕಳ ಕಳ್ಳನಂತೆ’ ಅಂತ ಬಂದದ್ದನ್ನು ಫಾರ್ವರ್ಡ್ ಮಾಡುವವರೂ ಇದನ್ನು ನೆನಪಿಡಬೇಕು. ‘ಅಂತೆ’ ಅಲ್ಲಿ ರಕ್ಷಣೆ ಕೊಡುವುದಿಲ್ಲ.

ಪ್ರಕರಣದ ಹಂತಕ್ಕೆ ತಕ್ಕ ಹಾಗೆ ಪದವೂ ಬದಲಾಗಬೇಕು. ಎಫ್‌ಐಆರ್ ಆದರೆ ದೂರು ದಾಖಲಾಯಿತು, ಅಷ್ಟೆ. ಕನ್ನಡದಲ್ಲಿ ಅದರ ಹೆಸರೇ ಪ್ರಥಮ ವರ್ತಮಾನ ವರದಿ. ಮೊದಲು ಬಂದ ಸುದ್ದಿ. ಆರೋಪಪಟ್ಟಿ ಸಲ್ಲಿಸಿದರು ಅಂದರೆ ತನಿಖೆ ಮಾಡಿದವರು ತಮ್ಮ ಮಾತನ್ನು ಬರೆದು ಕೋರ್ಟಿಗೆ ಕೊಟ್ಟರು ಅಂತ. ಎಷ್ಟೋ ಜನ ಆರೋಪಪಟ್ಟಿ ಬಂದರೆ ಅಪರಾಧ ಸಾಬೀತಾಯಿತು ಅಂದುಕೊಳ್ಳುತ್ತಾರೆ. ಪದವನ್ನೇ ಓದಿ, ಆರೋಪದ ಪಟ್ಟಿ. ತೀರ್ಪಿನಲ್ಲಿ ತಪ್ಪಿತಸ್ಥ ಅಂತಾದ ಮೇಲೆ ಮಾತ್ರ ‘ಅಪರಾಧಿ’. ಇನ್ನೊಂದು ವಾಕ್ಯ ದಿನಾ ಬರುತ್ತದೆ: ‘ಆರೋಪಿ ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ.’ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, ಈಗಿನ ಕಾಯ್ದೆಯಲ್ಲೂ ಉಂಟು. ಕೋರ್ಟು ತೆಗೆದುಕೊಳ್ಳದ ಮಾತನ್ನು ನಾವು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

‘ಬೆಂಕಿ ಇಲ್ಲದೆ ಹೊಗೆ ಆಡುತ್ತದಾ’ ಅಂತ ಯಾರಾದರೂ ಕೇಳುತ್ತಾರೆ, ಯಾವಾಗಲೂ ಕೇಳುತ್ತಾರೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅಂತಲೂ ಹೇಳುತ್ತಾರೆ. ಹತ್ತು ಜನರ ಎದುರು ಕಳ್ಳ ಅಂತ ಕೂಗಿದರೆ ಯಾರು ತಾನೇ ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲ? ಅದೇ ಹಿರಿಯರು ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತಲೂ ಹೇಳಿದ್ದಾರೆ. ಕಣ್ಣಾರೆ ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕಾದರೆ ಕಿವಿಯಲ್ಲಿ ಕೇಳಿದ್ದಕ್ಕೆ ಎಷ್ಟು ಸಲ ನೋಡಬೇಕು?

ಆ ಹುಡುಗನ ಪ್ರಕರಣ ಕೋರ್ಟಿನಲ್ಲಿ ಮೂರು ವರ್ಷ ನಡೆಯಿತು. ಒಂದು ದಿನ ಅವನ ಅಕ್ಕ ಮತ್ತೆ ಬಂದರು. ಅದೇ ಬೆಂಚು, ಅಂಥದ್ದೇ ಒಂದು ಕವರು. ಈ ಸಲ ಒಳಗಿದ್ದದ್ದು ತೀರ್ಪಿನ ದೃಢೀಕೃತ ಪ್ರತಿ. ಹುಡುಗ ಖುಲಾಸೆ ಆಗಿದ್ದ. ಅವರಿಗೆ ಕೂರಲು ಹೇಳಿ ನಾನು ಅಲ್ಲೇ ಸುದ್ದಿ ಬರೆದೆ. ‘ಗಲ್ಲಾಪೆಟ್ಟಿಗೆ ಕಳವು ಪ್ರಕರಣ: ನೌಕರ ಖುಲಾಸೆ’ ಅಂತ ತಲೆಬರಹ ಕೊಟ್ಟು, ಬರೆದದ್ದನ್ನು ಅವರಿಗೇ ಓದಲು ಕೊಟ್ಟೆ. ಅವರು ಒಂದೊಂದೇ ಸಾಲಿನ ಕೆಳಗೆ ಬೆರಳು ಇಟ್ಟು ನಿಧಾನವಾಗಿ ಓದಿದರು. ‘ನೌಕರ’ ಎಂಬಲ್ಲಿ ಬೆರಳು ನಿಂತಿತು.

‘ಅವತ್ತು ಹೆಸರು ಹಾಕಿದ್ದೀರಿ ಸಾರ್. ಅಪ್ಪನ ಹೆಸರು, ಮನೆ ಎಲ್ಲಿ, ಎಲ್ಲಾ ಹಾಕಿದ್ದೀರಿ. ಇವತ್ತೂ ಹಾಕಿ.’

ಹಾಕಿದೆವು. ಹಳೆಯ ಸುದ್ದಿ ಬಂದಿದ್ದ ಪುಟದಲ್ಲೇ, ಅದೇ ಎರಡು ಕಾಲಂನಲ್ಲಿ. ಮರುದಿನ ಬೆಳಿಗ್ಗೆ ಅವರು ಏಜೆಂಟರ ಹತ್ತಿರ ಹತ್ತು ಪೇಪರು ಕೊಂಡುಕೊಂಡು, ಮನೆಯ ಸಾಲಿನಲ್ಲಿ ಒಂದೊಂದು ಮನೆಗೂ ಕೊಟ್ಟು ಬಂದರಂತೆ.